30 ಸೆಕೆಂಡಿನ ಹೂವಿನ ಸಾಲು: ಈ ಫೋಟೋ ಸುಳ್ಳಾ?

ಮೊಳದಲೆಕ್ಕ: ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಲ್ಲಿ ತೆಗೆದದ್ದು. ಬೆಳಿಗ್ಗೆ ಆರೂವರೆ. ಟ್ರೈಪಾಡ್, ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್, ಶಟರ್ 30 ಸೆಕೆಂಡ್. ನಿಜವಾಗಿ ಅಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಫೋಟೋದಲ್ಲಿ ಸಾಲು ಖಾಲಿ, ಹೂವಿನ ಅಮ್ಮ ಒಬ್ಬರೇ ಕೂತಿದ್ದಾರೆ. ಹೇಗಿದೆ ಹೇಳಿ.

ಸಕ್ಕರೆನಾಡು: ನೋಡೋಕೆ ಚೆನ್ನಾಗಿದೆ ಸಾರ್. ಆದರೆ ಸುಳ್ಳು. ಅಷ್ಟು ಜನ ಇದ್ದ ಜಾಗ ಕರ್ಫ್ಯೂ ಹಾಕಿದ ಹಾಗಿದೆ.

ಕತ್ತಲೆಕೋಣೆ: ಸುಳ್ಳು ಹೇಗಾಗುತ್ತೆ? ಏನನ್ನೂ ಅಳಿಸಿಲ್ಲ, ಸೇರಿಸಿಲ್ಲ. ನಡೆದು ಹೋದವರು ಒಂದೇ ಕಡೆ ನಿಲ್ಲಲಿಲ್ಲ, ಅದಕ್ಕೇ ಅಚ್ಚಾಗಲಿಲ್ಲ. 1838ರಲ್ಲಿ, ಫೋಟೋಗ್ರಫಿ ಶುರುವಾದ ಕಾಲದಲ್ಲಿ, ಡಾಗೇರ್ ಅನ್ನೋ ಫ್ರೆಂಚ್‌ನವನು ಪ್ಯಾರಿಸ್ಸಿನ ಒಂದು ಬೀದಿಯನ್ನು ಮೇಲಿನಿಂದ ಸೆರೆಹಿಡಿದ. ಆಗಿನ ಪ್ಲೇಟಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗಾಡಿ, ಕುದುರೆ, ಜನ ಎಲ್ಲ ಮಾಯ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದವನು ಉಳಿದ. ಅದೂ ಸುಳ್ಳಾ?

ಸಕ್ಕರೆನಾಡು: ಪಾಲಿಶ್ ಹಾಕುತ್ತಿದ್ದವನು ಎಲ್ಲಿ ಹೋದ?

ಕತ್ತಲೆಕೋಣೆ: ಇದ್ದಾನೆ, ಮಸುಕಾಗಿ. ಕೈ ಆಡಿಸುತ್ತಿದ್ದನಲ್ಲ.

ಸಕ್ಕರೆನಾಡು: ಸಿಕ್ಕಿತಲ್ಲ! ಕಾಲು ಕೊಟ್ಟು ನಿಂತವನು ಸ್ಪಷ್ಟ, ಕೆಲಸ ಮಾಡಿದವನು ಮಸುಕು. ಈ ಫೋಟೋನೂ ಝೂಮ್ ಮಾಡಿ ನೋಡಿ. ಅಮ್ಮನ ಮುಖ ಇದೆ, ಮೊಣಕೈ ಇದೆ, ಅಲ್ಲಿಂದ ಮುಂದೆ ಬರೀ ಬಿಳಿ ಹೊಗೆ. ಮಲ್ಲಿಗೆ ಮೊಳ ಹಾಕುತ್ತಿದ್ದ ಕೈ ಅದು. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದೇ ಊರಿನವರು ಅಲ್ವಾ? ಅವರ ಕ್ಯಾಮೆರಾ ಇಂಥ ಸಾಮಾನ್ಯರ ಮುಖವನ್ನೇ ಹುಡುಕಿಕೊಂಡು ಹೋಯಿತು. ಕೈಯನ್ನೇ ಹೊಗೆ ಮಾಡಿದರೆ ಏನು ನೋಡಿದ ಹಾಗಾಯಿತು?

ಅಗ್ರಹಾರದಜ್ಜಿ: ಯಾಕಪ್ಪ ಇಷ್ಟು ಜಗಳ? ನಮ್ಮ ಕಾಲದ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಕಲೆ ತೆಗೆಯುತ್ತಿದ್ದರು. ನನ್ನ ಫೋಟೋ ಗಂಡಿನ ಮನೆಗೆ ಹೋದದ್ದು ಹಾಗೇ. ಮದುವೆಯಾಗಿ 41 ವರ್ಷ ಆಯ್ತು.

ಕತ್ತಲೆಕೋಣೆ: 😀 ಅಜ್ಜಿ, ನೀವು ಗೆದ್ದಿರಿ. ಸಕ್ಕರೆನಾಡು, ಒಂದು ಮಾತು. 1/500 ಸೆಕೆಂಡಲ್ಲಿ ತೆಗೆದರೆ ಆ ಕೈ ಗಾಳಿಯಲ್ಲೇ ಕಲ್ಲಾಗಿ ನಿಲ್ಲುತ್ತೆ. ಕಣ್ಣು ಅದನ್ನೂ ಯಾವತ್ತೂ ಕಂಡಿಲ್ಲ.

ಸಕ್ಕರೆನಾಡು: ಅದು ಒಪ್ಪುವ ಮಾತೇ. ಆದರೂ ಒಂದು ಕೆಲಸ ಮಾಡಿ, ಆ ಅಮ್ಮನಿಗೇ ತೋರಿಸಿ.

ಮೊಳದಲೆಕ್ಕ: ಇವತ್ತು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಸೆರಗಲ್ಲಿ ಕೈ ಒರೆಸಿಕೊಂಡು ತಗೊಂಡರು. ತುಂಬಾ ಹೊತ್ತು ನೋಡಿದರು. ಕೈ ಬಗ್ಗೆ ಕೇಳಲೇ ಇಲ್ಲ. "ಇದೇನಪ್ಪಾ, ಯಾಪಾರನೇ ಇಲ್ದೆ ಕೂತಂಗೆ ತೆಗ್ದಿದ್ದೀಯ" ಅಂದರು. ಆವತ್ತು ನನ್ನ ಕಣ್ಣೆದುರೇ ಎರಡು ಕುಕ್ಕೆ ಖಾಲಿಯಾಗಿತ್ತು. ಶುಕ್ರವಾರ ಮತ್ತೆ ಹೋಗ್ತೀನಿ, 1/15ರಲ್ಲಿ ತೆಗೆದು ನೋಡ್ತೀನಿ. ಕೈ ಸ್ವಲ್ಪ ಅಲುಗಿದ ಹಾಗೆ ಬರಬಹುದು.

ಸಕ್ಕರೆನಾಡು: ಕೈ ಅಲುಗಿದರೆ ಅಲುಗಲಿ ಬಿಡಿ ಸಾರ್. ಗಿರಾಕಿ ಇರಲಿ.