ಪದಚರ್ಚೆ: ‘ಅನ್‌ಟ್ಯಾಗ್ಡ್’ ಅಂದರೆ ‘ಗುರುತಿಲ್ಲದ’ ಅಲ್ಲ, ಹಾಗಾದರೆ ಏನು?

ಎಲ್ಲರಿಗೂ ನಮಸ್ಕಾರ.

ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿಗೆ ಒಂದು ಸಣ್ಣ ಕೈಪಿಡಿ ಬರೆದಿದ್ದೆ. ನೆಟ್‌ವರ್ಕ್ ಸ್ವಿಚ್‌ನಲ್ಲಿ ವಿಲ್ಯಾನ್ ಹೊಂದಿಸುವುದು ಹೇಗೆ ಅಂತ, ನಾಲ್ಕೇ ಪುಟ, ಪೂರ್ತಿ ಕನ್ನಡದಲ್ಲಿ. ಸ್ವಿಚ್ ಅಂದರೆ ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ, ಪೋರ್ಟ್ ಅಂದರೆ ಅದರಲ್ಲಿ ಕೇಬಲ್ ಚುಚ್ಚುವ ಜಾಗ. ವಿಲ್ಯಾನ್ (ವರ್ಚುವಲ್ ಲ್ಯಾನ್) ಅಂದರೆ ಅದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಮಾಡಿಟ್ಟ ಜಾಲ, ಒಂದೊಂದಕ್ಕೂ ಒಂದು ಸಂಖ್ಯೆ. ಅದರಲ್ಲಿನ ಒಂದು ಪದದಿಂದ ಒಂದಿಡೀ ಬೆಳಗಿನ ಪ್ರಾಕ್ಟಿಕಲ್ ಹಾಳಾಯಿತು. ತಪ್ಪು ನನ್ನದೇ.

24 ಪೋರ್ಟಿನ ಸ್ವಿಚ್ ಅದು. 1ರಿಂದ 20ರವರೆಗೆ ಲ್ಯಾಬಿನ ಕಂಪ್ಯೂಟರ್‌ಗಳು. 24ನೇದು ಮೇಲಿನ ಮಹಡಿಯ ಸ್ವಿಚ್‌ಗೆ ಹೋಗುವ ಕೇಬಲ್. ಆಫೀಸು ವಿಲ್ಯಾನ್ 10ರಲ್ಲಿ, ಲ್ಯಾಬು 20ರಲ್ಲಿ, ಕ್ಯಾಮೆರಾಗಳು 30ರಲ್ಲಿ. ನಾನು ಬರೆದ ಸಾಲು ಹೀಗಿತ್ತು: ‘1–20: ಗುರುತಿಲ್ಲದ ಪೋರ್ಟ್‌ಗಳು. 24: ಗುರುತಿರುವ ಪೋರ್ಟ್.’ ಟ್ಯಾಗ್ ಅಂದರೆ ಗುರುತು, ಅನ್‌ಟ್ಯಾಗ್ಡ್ ಅಂದರೆ ಗುರುತಿಲ್ಲದ. ನಿಘಂಟಿನ ಲೆಕ್ಕದಲ್ಲಿ ಸರಿಯಾಗೇ ಇದೆ ಅಲ್ವಾ?

ಲ್ಯಾಬ್ ಸಹಾಯಕರು ಅದನ್ನು ಓದಿದರು. ಗುರುತಿಲ್ಲದ್ದು ಅಂದರೆ ಯಾವ ವಿಲ್ಯಾನಿಗೂ ಸೇರದೆ ಅನಾಥವಾಗಿ ಉಳಿದದ್ದು ಅಂದುಕೊಂಡರು. ಪಾಪ, ಸಂಜೆ ಕೂತು ಇಪ್ಪತ್ತಕ್ಕೂ ಒಂದೊಂದಾಗಿ ‘ಟ್ಯಾಗ್ಡ್’ ಒತ್ತಿ ಹೋದರು. ಬೆಳಗ್ಗೆ ನೋಡಿದರೆ ಒಂದು ಕಂಪ್ಯೂಟರಿಗೂ ನೆಟ್ ಇಲ್ಲ. ಎಲ್ಲದರಲ್ಲೂ 169.254ರಿಂದ ಶುರುವಾಗುವ ವಿಳಾಸ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದೆ ಹೋದಾಗ ವಿಂಡೋಸ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದೆ. ‘ಸರ್, ಗುರುತಿಲ್ಲದವರನ್ನ ಒಳಗೆ ಬಿಡಬಾರದು ಅಲ್ವಾ?’ ಅಂದರು. ನಾನು ಸುಮ್ನಾದೆ.

ಆಮೇಲೆ ಯೋಚಿಸಿದಾಗ ಹೊಳೆದದ್ದು ಇದು. ಟ್ಯಾಗ್ ಪೋರ್ಟಿಗೆ ಅಂಟಿದ ಗುಣವೇ ಅಲ್ಲ. ಅದು ಫ್ರೇಮಿಗೆ, ಅಂದರೆ ಕೇಬಲ್‌ನಲ್ಲಿ ಹೋಗುವ ಮಾಹಿತಿಯ ಒಂದೊಂದು ಕಂತೆಗೆ, ಸೇರಿಸುವ 4 ಬೈಟ್‌ನ ಚೀಟಿ. 1998ರಲ್ಲಿ ಬಂದ 802.1ಕ್ಯೂ ಎಂಬ ಮಾನಕ ಅದನ್ನು ಗೊತ್ತುಮಾಡಿತು. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ. 0 ಮತ್ತು 4095 ಬಿಟ್ಟು 4094 ವಿಲ್ಯಾನ್‌ಗಳು ಸಿಗುತ್ತವೆ. ಇನ್ನು 3 ಬಿಟ್, ಯಾರನ್ನು ಮೊದಲು ಬಿಡಬೇಕು ಅನ್ನುವ 0ಯಿಂದ 7ರವರೆಗಿನ ಆದ್ಯತೆಗೆ. ಪೋರ್ಟಿನಿಂದ ಹೊರಗೆ ಕಳಿಸುವಾಗ ಚೀಟಿ ಇಟ್ಟು ಕಳಿಸಬೇಕೋ ತೆಗೆದು ಕಳಿಸಬೇಕೋ, ಇಷ್ಟೇ ಪ್ರಶ್ನೆ. ಆ ಕಡೆ ಇರುವುದು ಇನ್ನೊಂದು ಸ್ವಿಚ್ ಆದರೆ ಚೀಟಿ ಬೇಕು. ಸಾಮಾನ್ಯ ಕಂಪ್ಯೂಟರ್ ಆದರೆ ಅದಕ್ಕೆ ಆ ಚೀಟಿ ಓದಲು ಬರುವುದಿಲ್ಲ, ತೆಗೆದೇ ಕೊಡಬೇಕು. ಚೀಟಿ ತೆಗೆದರೂ ಪೋರ್ಟ್ ವಿಲ್ಯಾನ್ 20ಕ್ಕೇ ಸೇರಿದ್ದು.

ಅಂದರೆ ಇಂಗ್ಲಿಷು ಗುಣವಾಚಕದ ವೇಷ ಹಾಕಿ ಒಂದು ಕೆಲಸವನ್ನು ಹೇಳುತ್ತಿದೆ. ನಾವು ಆ ವೇಷವನ್ನು ಅನುವಾದ ಮಾಡುತ್ತಿದ್ದೇವೆ. ಹಾಗಾಗಿ ಸಾಲು ತಿದ್ದಿದೆ: ‘1–20: ವಿಲ್ಯಾನ್ 20ಕ್ಕೆ ಸೇರಿದವು. ಚೀಟಿ ಕಿತ್ತು ಕೊಡಬೇಕು. 24: 10, 20, 30 ಮೂರಕ್ಕೂ ಸೇರಿದ್ದು. ಚೀಟಿ ಸಮೇತ ಕಳಿಸಬೇಕು.’ ಎರಡನೇ ಸಲ ಯಾರೂ ಎಡವಲಿಲ್ಲ. ಆದರೆ ‘ಕಿತ್ತು’ ಸ್ವಲ್ಪ ಒರಟಾಯಿತೇನೋ. ‘ಬಿಚ್ಚಿ’ ಅಂದರೆ ಚೀಟಿಯನ್ನು ದಾರದಲ್ಲಿ ಕಟ್ಟಿದ ಹಾಗೆ ಕೇಳಿಸುತ್ತದೆ.

ಚೀಟಿಯ ಬದಲು ‘ಬಿಲ್ಲೆ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಕೊಡುತ್ತಾರಲ್ಲ, ಆ ಬಿಲ್ಲೆ. ಒಳ್ಳೇ ಪದ. ಆದರೆ ಅದನ್ನು ಬೇರೆ ಕಡೆಗೆ ಉಳಿಸಿಕೊಂಡಿದ್ದೇನೆ, ಮುಂದೆ ಹೇಳುತ್ತೇನೆ.

ಎರಡನೇ ತಕರಾರು ‘ಟ್ರಾಫಿಕ್’ ಪದದ್ದು. ಪತ್ರಿಕೆ ಓದಿದ ಅಭ್ಯಾಸದಲ್ಲಿ ‘ದಟ್ಟಣೆ ನಿಯಂತ್ರಣ’ ಅಂತ ಬರೆದುಬಿಡುತ್ತೇವೆ. ಆದರೆ ದಟ್ಟಣೆ ಅಂದರೆ ಕಿಕ್ಕಿರಿದದ್ದು. ರಾತ್ರಿ ಎರಡು ಗಂಟೆಗೆ ಒಂದೇ ಒಂದು ಫ್ರೇಮ್ ಹೋದರೂ ಅದು ಟ್ರಾಫಿಕ್ಕೇ, ದಟ್ಟಣೆ ಎಲ್ಲಿಂದ ಬಂತು? ಮೇಲಾಗಿ ಮಾಹಿತಿ ತಲುಪಿಸುವ ನಿಯಮಾವಳಿಯಾದ ಟಿಸಿಪಿಯಲ್ಲಿ, ಜಾಲ ಕಿಕ್ಕಿರಿದಾಗ ಕಳಿಸುವ ವೇಗ ತಗ್ಗಿಸುವ ‘ಕಂಜೆಶನ್ ಕಂಟ್ರೋಲ್’ ಅಂತ ಬೇರೆಯದೇ ಒಂದು ವಿಷಯ ಇದೆ. ದಟ್ಟಣೆ ಅದಕ್ಕೆ ಸರಿಯಾಗಿ ಕೂರುತ್ತದೆ. ‘ಸಂಚಾರ’ ಅಂದರೆ ಚೌಕದಲ್ಲಿ ಸೀಟಿ ಊದುವವರು ಕಣ್ಣಮುಂದೆ ಬರುತ್ತಾರೆ. ಹಾಗಂತ ‘ಟ್ರಾಫಿಕ್’ ಅಂತಲೇ ಇಟ್ಟರೂ ಕಷ್ಟ. ‘ತುಂಬಾ ಟ್ರಾಫಿಕ್ ಇತ್ತು ಮಾರಾಯ’ ಅಂದಾಗ ಬೆಂಗಳೂರಿನಲ್ಲಿ ಅದೂ ಜಾಮ್ ಅಂತಲೇ ಅರ್ಥ. ಸದ್ಯಕ್ಕೆ ‘ಓಡಾಟ’ ಅಂತ ಹಾಕಿದ್ದೇನೆ.

ನಿಜವಾದ ಪೇಚು ‘ಪೊಲೀಸಿಂಗ್’ ಮತ್ತು ‘ಶೇಪಿಂಗ್’. ಎರಡೂ ವೇಗಕ್ಕೆ ಮಿತಿ ಹಾಕುವ ಕೆಲಸಗಳೇ. ಒಂದು ಪೋರ್ಟಿಗೆ 10 ಎಂಬಿಪಿಎಸ್ ಮಿತಿ ಇಟ್ಟಿದ್ದೀರಿ ಅನ್ನಿ. ಪೊಲೀಸಿಂಗ್‌ನಲ್ಲಿ ಮಿತಿ ಮೀರಿದ ಫ್ರೇಮನ್ನು ಸಾಮಾನ್ಯವಾಗಿ ಅಲ್ಲೇ ಬಿಸಾಕುತ್ತಾರೆ. ಶೇಪಿಂಗ್‌ನಲ್ಲಿ ಸಾಲಿನಲ್ಲಿ ನಿಲ್ಲಿಸಿಕೊಂಡು ನಿಧಾನಕ್ಕೆ ಬಿಡುತ್ತಾರೆ. ಫೋನಿನ ಮಾತಾದರೆ ಮೊದಲನೆಯದರಲ್ಲಿ ಕಡಿಕಡಿದು ಕೇಳುತ್ತದೆ, ಎರಡನೆಯದರಲ್ಲಿ ತಡವಾಗಿ ಕೇಳುತ್ತದೆ. ‘ಓಡಾಟಕ್ಕೆ ಆಕಾರ ಕೊಡುವುದು’ ಅಂತ ಬರೆದರೆ ಇದರಲ್ಲಿ ಯಾವುದು ತಿಳಿಯುತ್ತದೆ ಹೇಳಿ.

ನಾನು ಕೆರೆ ಬಯಲಿನವನು. ನನಗೆ ಮೊದಲು ನೆನಪಾದದ್ದು ತೂಬು. ಮಳೆ ಒಂದೇ ರಾತ್ರಿ ಸುರಿದರೂ ನೀರಗಂಟಿ ತೂಬು ಎತ್ತಿದಷ್ಟೇ ನೀರು ಗದ್ದೆಗೆ. ಉಳಿದದ್ದು ಕೆರೆಯಲ್ಲಿ ನಿಂತಿರುತ್ತದೆ. ಶೇಪಿಂಗ್ ಅಂದರೆ ಇದೇ. ಹಾಗಾದರೆ ಪೊಲೀಸಿಂಗ್‌ಗೆ ಕೋಡಿ ಅನ್ನೋಣ ಅಂತ ಖುಷಿಯಿಂದ ಬರೆದೂ ಬಿಟ್ಟೆ. ಮಾರನೇ ದಿನ ಅಳಿಸಿದೆ. ಕೋಡಿ ಬೀಳುವುದು ಕೆರೆ ತುಂಬಿದ ಮೇಲೆ. ಪೊಲೀಸಿಂಗ್‌ನಲ್ಲಿ ನೀರು ನಿಲ್ಲಿಸಿಕೊಳ್ಳಲು ಕೆರೆಯೇ ಇಲ್ಲ! ಶೇಪಿಂಗ್‌ನ ಸಾಲೂ ತುಂಬಿ ಮೇಲೆ ಬಂದದ್ದು ಚೆಲ್ಲಿಹೋಗುತ್ತದಲ್ಲ, ಕೋಡಿ ಅಂದರೆ ಅದು.

ಪೊಲೀಸಿಂಗ್‌ಗೆ ಸರಿಹೊಂದುವುದು ಬಿಲ್ಲೆ. ಅದರ ಲೆಕ್ಕಾಚಾರಕ್ಕೆ ‘ಟೋಕನ್ ಬಕೆಟ್’ ಅಂತ ಹೆಸರು. ಬುಟ್ಟಿಯೊಳಗೆ ಒಂದೇ ವೇಗದಲ್ಲಿ ಬಿಲ್ಲೆಗಳು ಬೀಳುತ್ತಿರುತ್ತವೆ. ಬುಟ್ಟಿ ತುಂಬಿದರೆ ಹೊಸ ಬಿಲ್ಲೆ ನಿಲ್ಲುವುದಿಲ್ಲ. ಫ್ರೇಮ್ ಬಂದಾಗ ತನ್ನ ಗಾತ್ರಕ್ಕೆ ತಕ್ಕಷ್ಟು ಬಿಲ್ಲೆ ಇದ್ದರೆ ತೆಗೆದುಕೊಂಡು ಹೋಗುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಶೇಪಿಂಗ್‌ನಲ್ಲೂ ಬಿಲ್ಲೆ ಇರಬಹುದು, ಅಲ್ಲಿ ಬಿಲ್ಲೆ ಬೀಳುವ ತನಕ ಕಾಯಲು ಬಿಡುತ್ತಾರೆ. ಹಾಗಾಗಿ ಟ್ಯಾಗ್‌ಗೆ ಚೀಟಿ, ಟೋಕನ್‌ಗೆ ಬಿಲ್ಲೆ ಅಂತ ಬೇರೆ ಮಾಡಿಕೊಂಡೆ. ಪೊಲೀಸಿಂಗ್‌ಗೆ ‘ಮೀರಿದ್ದು ಚೆಲ್ಲು’, ಶೇಪಿಂಗ್‌ಗೆ ‘ತಡೆದು ಬಿಡು’. ಹೆಸರಿನ ಥರ ಇಲ್ಲ, ಗೊತ್ತು. ಆದರೆ ಓದಿದವರ ಕೈ ತಪ್ಪುವುದಿಲ್ಲ.

ವಿಲ್ಯಾನಿಗೆ ಪದ ಹುಡುಕುವುದನ್ನು ಬಿಟ್ಟೆ. ‘ಮಿಥ್ಯಾ ಜಾಲ’ ಅಂದರೆ ಸುಳ್ಳು ಜಾಲ ಅಂತ ಹುಡುಗರು ನಗುತ್ತಾರೆ. ‘ಕೇರಿ’ ಬಹಳ ಹೊಂದುತ್ತಿತ್ತು. ಒಂದೇ ಊರು, ಒಂದು ಕೇರಿಯ ಕೂಗು ಇನ್ನೊಂದಕ್ಕೆ ಕೇಳದು, ದಾಟಬೇಕಾದರೆ ರೂಟರ್ ಎಂಬ ಮಧ್ಯಸ್ಥ ಬೇಕು. ಹೊಂದುವುದು ಅಷ್ಟು ಸರಿಯಾಗಿದೆ ಅಂತಲೇ ಪಾಠದ ಹಾಳೆಯಲ್ಲಿ ಬರೆಯಲು ಮನಸ್ಸು ಬರಲಿಲ್ಲ.

‘ಟ್ರಂಕ್’ ಮಾತ್ರ ಇನ್ನೂ ಬಗೆಹರಿದಿಲ್ಲ. ಸಿಸ್ಕೋದವರ ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳು ಒಟ್ಟಿಗೆ ಹೋಗುವ ಒಂದು ಕೊಂಡಿ. ಎಚ್‌ಪಿಯ ಪ್ರೋಕರ್ವ್ ಸ್ವಿಚ್‌ಗಳಲ್ಲಿ ಅದೇ ಪದಕ್ಕೆ ಹಲವು ಕೇಬಲ್ ಸೇರಿಸಿ ಒಂದು ಮಾಡುವುದು ಅಂತ ಅರ್ಥ. ‘ಕಾಂಡ’ ಅಂದರೆ ಪತ್ರಿಕೆಯ ಹಗರಣ ಆಗುತ್ತದೆ, ‘ಹೆಬ್ಬಾಗಿಲು’ ಅಂದರೆ ಜಾಲದಿಂದ ಹೊರಹೋಗುವ ದಾರಿಯಾದ ಗೇಟ್‌ವೇ ಜೊತೆ ಕಲಸಿಹೋಗುತ್ತದೆ.

ಕಾಲುವೆ ನೀರಾವರಿ ಕಡೆಯವರನ್ನು ಒಂದು ಕೇಳಬೇಕಿತ್ತು. ಹಲವು ಹೊಲದ ಪಾಲಿನ ನೀರು ಒಟ್ಟಿಗೆ ಹರಿದು, ಮುಂದೆ ಹೋಗಿ ಬೇರೆಯಾಗುವ ಕಾಲುವೆಗೆ ನಿಮ್ಮಲ್ಲಿ ಏನಂತೀರಿ? ಕೈಪಿಡಿಯ ಮುಂದಿನ ಪ್ರತಿ ಈ ತಿಂಗಳ ಕೊನೆಗೆ ಝೆರಾಕ್ಸ್‌ಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.