ಗಾಯ ಮುಚ್ಚಿದೆ, ಎತ್ತು ಇನ್ನೂ ಕುಂಟುತ್ತಿದೆ ಯಾಕೆ?

ಪ್ರಶ್ನೆ (ಯಲಬುರ್ಗಾ ಕಡೆಯ ರೈತ): ನಮಸ್ಕಾರ ಡಾಕ್ಟರೇ. ಯರೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತಿನ ಹಿಂಗಾಲಿಗೆ ಕುಡ ಬಡಿಯಿತು. ಗೊರಸಿನ ಮೇಲೆ, ಹಿಂಬದಿಗೆ. ಒಳಗೆ ಬಿಳಿ ಹಗ್ಗದಂಥದ್ದು ಕಾಣುತ್ತಿತ್ತು. ಹೊಲಿಗೆ ಹಾಕಿಸಿ 20 ದಿನ ಆಯಿತು, ಚರ್ಮ ಕೂಡಿದೆ. ಆದರೂ ಕುಂಟುತ್ತಿದೆ. ಒಳಗಿನ ಮಾಂಸ ಯಾಕೆ ಕೂಡಿಲ್ಲ? ಹಿಂಗಾರಿ ಬಿತ್ತನೆ ಹತ್ತಿರ ಬಂತು, ಗಳೆ ಕಟ್ಟಬಹುದಾ?

ಪಶುವೈದ್ಯರು: ಈಗ ಖಂಡಿತ ಕಟ್ಟಬೇಡಿ.

ನೀವು ಹೇಳಿದ ಜಾಗದಲ್ಲಿ ಮಾಂಸ ಇಲ್ಲವೆಂದೇ ಹೇಳಬಹುದು. ಕಾಲು ಮಡಚುವ ಮಾಂಸಖಂಡಗಳು ಮೇಲೆಯೇ ಮುಗಿಯುತ್ತವೆ. ಅಲ್ಲಿಂದ ಗೊರಸಿನವರೆಗೆ ಇಳಿದು ಬರುವುದು ಸ್ನಾಯುರಜ್ಜು. ನೀವು ಕಂಡ ಬಿಳಿ ಹಗ್ಗ ಅದೇ. ಮಾಂಸಖಂಡ ಎಳೆಯುತ್ತದೆ, ಹಗ್ಗ ಆ ಎಳೆತವನ್ನು ಮೂಳೆಗೆ ಮುಟ್ಟಿಸುತ್ತದೆ.

ಒಂದೇ ಗಾಯ, ಆದರೆ ಅದರಲ್ಲಿ ಬೇರೆ ಬೇರೆ ಅಂಗಾಂಶ, ಅಂದರೆ ಒಂದೇ ಕೆಲಸಕ್ಕೆ ಸೇರಿದ ಕೋಶಗಳ ಗುಂಪುಗಳು ಇವೆ. ಚರ್ಮದ ಮೇಲ್ಪದರ ಅನುಲೇಪಕ ಅಂಗಾಂಶ. ಮೈಗೆ ಹೊದಿಕೆ ಅದು. ದಿನವೂ ಸವೆಯುತ್ತದೆ, ದಿನವೂ ಹುಟ್ಟುತ್ತದೆ. ಅದಕ್ಕೇ ಗಾಯದ ಅಂಚಿನಿಂದ ಹೊಸ ಕೋಶಗಳು ಸರಿದು ಬಂದು ಬೇಗ ಮುಚ್ಚಿಬಿಡುತ್ತವೆ. ಸ್ನಾಯುರಜ್ಜು ಹಾಗಲ್ಲ. ಅದು ಸಂಯೋಜಕ ಅಂಗಾಂಶ. ಕೊಲಾಜೆನ್ ಎಂಬ ಗಟ್ಟಿ ನಾರುಗಳೇ ಜಾಸ್ತಿ, ಕೋಶಗಳು ಕಡಿಮೆ, ರಕ್ತನಾಳ ಇನ್ನೂ ಕಡಿಮೆ. ರಕ್ತ ಕಡಿಮೆ ಬಂದರೆ ರಿಪೇರಿಯೂ ನಿಧಾನ, ಅಲ್ವಾ? ಕೂಡಿಕೊಳ್ಳಲು ವಾರಗಳು ಬೇಕು. ಎಳೆಯುವ ಬಲ ಬರಲು ತಿಂಗಳುಗಳು. ನಡುವೆ ನೊಗ ಹೂಡಿದರೆ ಹೊಸ ನಾರು ಮತ್ತೆ ಹರಿಯುತ್ತದೆ.

ನರವೂ ತುಂಡಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ.

ಇನ್ನೊಂದು ಮಾತು, ಎಲ್ಲರಿಗೂ ಹೇಳುತ್ತಿದ್ದೇನೆ. ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಅಂಚಿನಲ್ಲಿ ಆಗತಾನೇ ಹುಟ್ಟಿದ ಕೋಶಗಳು ಸುಟ್ಟುಹೋಗುತ್ತವೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಪ್ರಶ್ನೆ (ಸಿಂಧನೂರಿನಿಂದ): ಸರ್, ಮಗಳು ಒಂಬತ್ತನೇ ಕ್ಲಾಸು. ರಕ್ತವೂ ಸಂಯೋಜಕ ಅಂಗಾಂಶ ಅಂತ ಓದುತ್ತಾಳೆ. ನೀರಿನ ಹಾಗೆ ಹರಿಯುವುದೂ ಹಗ್ಗವೂ ಒಂದೇ ಜಾತಿಯಾ?

ಪಶುವೈದ್ಯರು: ಒಳ್ಳೇ ಪ್ರಶ್ನೆ. ಅವಳು ಓದಿದ್ದು ಸರಿ. ಕೋಶಗಳು ಬಿಡಿಬಿಡಿಯಾಗಿ ಇದ್ದು, ನಡುವೆ ಬೇರೊಂದು ವಸ್ತು ತುಂಬಿರುತ್ತದೆ. ಈ ಗುಂಪಿನ ಗುರುತೇ ಅದು. ರಕ್ತದಲ್ಲಿ ಆ ವಸ್ತು ದ್ರವ, ಅದೇ ಪ್ಲಾಸ್ಮಾ. ಮೂಳೆಯಲ್ಲಿ ಕ್ಯಾಲ್ಸಿಯಂ, ರಂಜಕ ಸೇರಿ ಗಟ್ಟಿ. ಕಿವಿಯ ಮೃದ್ವಸ್ಥಿಯಲ್ಲಿ ಬಾಗುವಂಥದ್ದು. ಮನೆಯಲ್ಲಿರುವ ಕುರಿಮರಿಯ ಕಿವಿ ಮಡಚಿ ಬಿಡಲು ಹೇಳಿ, ತಾನೇ ನೆಟ್ಟಗಾಗುತ್ತದೆ.

ಯಲಬುರ್ಗಾ ಕಡೆಯ ರೈತ: ಸರ್, ಈಗ ನೋಡಿದೆ. ನಿಂತಾಗ ಆ ಕಾಲಿನ ಗೊರಸಿನ ತುದಿ ನೆಲ ಬಿಟ್ಟು ಮೇಲೆದ್ದಿದೆ.

ಪಶುವೈದ್ಯರು: ಹಾಗಾದರೆ ಒಳಗಿನ ಹಗ್ಗ ಪೂರ್ತಿ ತುಂಡಾಗಿರಬಹುದು. ಗೊರಸಿನ ತುದಿ ಕೆಳಗೆ ಹಿಡಿಯುವುದು ಅದೇ. ನಡೆಸಿಕೊಂಡು ಬರಬೇಡಿ. ಹತ್ತಿರದ ಪಶು ಆಸ್ಪತ್ರೆಯವರನ್ನು ಹಟ್ಟಿಗೇ ಕರೆಸಿ. ಕಾಲು ಅಲುಗದಂತೆ ಪಟ್ಟಿ ಕಟ್ಟಬೇಕಾಗುತ್ತದೆ. ಈ ಸಲದ ಬಿತ್ತನೆಗೆ ಬೇರೆ ಜೋಡಿ ನೋಡಿಕೊಳ್ಳಿ.