ಪಿಎಸ್4 ಕಥೆ ಮುಗಿಯಿತು ಅಂದರು ಭಾವ

ಬೆಳಿಗ್ಗೆ ಆರೂವರೆಗೆ ಮನೆಯವರ ಗುಂಪಿಗೆ ಭಾವ ಪಿಎಸ್4 ಬಗ್ಗೆ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 4 ಬಗ್ಗೆ, ಒಂದು ಸಂದೇಶ ತಳ್ಳಿದರು. 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅನ್ನುವ ಗುರುತು ಅದರ ನೆತ್ತಿಯ ಮೇಲೇ ಇತ್ತು.

ಭಾವ: ಎಚ್ಚರ! ಪಿಎಸ್4ಗೆ ಇನ್ನು ಒಂದೇ ಒಂದು ಗೇಮೂ ಬರುವುದಿಲ್ಲ. ಈಗಲೇ ಮಾರಿಬಿಡಿ. ಹತ್ತು ಜನರಿಗೆ ಕಳಿಸಿ.

ಭಾವ: ನಾನು ಪಿಎಸ್5 ತಂದಾಗ ನಕ್ಕಿರಲ್ವಾ?

ಅಣ್ಣ: ಇದನ್ನು ಹೇಳಿದ್ದು ಯಾರು?

ಭಾವ: ಆಫೀಸ್ ಗುಂಪಿನಲ್ಲಿ ಬಂತು.

ಅಣ್ಣ: ಪಿಎಸ್5 ಬಂದಿದ್ದು 2020ರ ನವೆಂಬರ್‌ನಲ್ಲಿ. ಎರಡು ವರ್ಷ ಆದ ಮೇಲೂ 'ಗಾಡ್ ಆಫ್ ವಾರ್ ರಾಗ್ನರಾಕ್' ಗೇಮ್ ಪಿಎಸ್4ಗೂ ಬಂತು. ಪಿಎಸ್3 ಬಂದು ಆರು ವರ್ಷದವರೆಗೂ ಪಿಎಸ್2 ತಯಾರಾಗುತ್ತಿತ್ತು. ಸಂದೇಶದಲ್ಲಿ ತಾರೀಖಾದರೂ ಇದೆಯಾ?

ಭಾವ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ನಿಶ್ಚಿತಾರ್ಥದ ದಿನವೂ ಹೀಗೇ ಮಾಡಿದ್ದೆ.

ತಂಗಿ: ಭಾವ ಹೇಳಿದ್ದು ಸರಿ. ಹಳೆಯದಕ್ಕೂ ಹೊಸದಕ್ಕೂ ಒಟ್ಟಿಗೆ ಮಾಡಲು ಹೋಗಿ 'ಸೈಬರ್‌ಪಂಕ್ 2077' ಗೇಮ್ ಏನಾಯಿತು? ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದಿತ್ತು. ಹಳೆಯದರ ಮೇಲಿನ ಮೋಹ ಸಾಕು.

ಅಣ್ಣ: ಹೊಸದಕ್ಕೆ ಅವಸರ ಮಾಡಿದ ಸೇಗಾ ಕಂಪನಿ ಏನಾಯಿತು? ಅಮೆರಿಕದಲ್ಲಿ 1994ರ ನವೆಂಬರ್‌ನಲ್ಲಿ ತನ್ನ ಹಳೆಯ ಕನ್ಸೋಲ್‌ಗೆ ಸಿಕ್ಕಿಸುವ 32ಎಕ್ಸ್ ಮಾರಿತು, 1995ರ ಮೇ ತಿಂಗಳಲ್ಲೇ ಸ್ಯಾಟರ್ನ್ ಅನ್ನುವ ಹೊಸ ಕನ್ಸೋಲ್ ತಂದಿಟ್ಟಿತು. 32ಎಕ್ಸ್ ಕೊಂಡವರಿಗೆ ಹೇಗಾಗಿರಬೇಡ! 2001ರಲ್ಲಿ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು.

ದೊಡ್ಡಪ್ಪ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇಂದು ಯಂತ್ರ ಬಿಸಾಡುವವರು ನಾಳೆ ಹಿರಿಯರನ್ನೂ ಬಿಸಾಡುತ್ತಾರೆ 🙏

ಚಿಕ್ಕಪ್ಪನ ಮಗ: ಸೇಗಾ!! ರಜೆಯಲ್ಲಿ ಕ್ಯಾಸೆಟ್‌ಗೆ ಉಫ್ ಅಂತ ಊದಿ ಊದಿ ಹಾಕುತ್ತಿದ್ದೆವಲ್ಲಾ, ಎಂಥಾ ದಿನಗಳು!

ನಾನೂ ಸುಮ್ನೆ ಇರಬಹುದಿತ್ತು. ಇರಲಿಲ್ಲ. ವರ್ಷ ಎಣಿಸಿ ಪ್ರಯೋಜನವಿಲ್ಲ, ಹಳೆಯದು ಎಷ್ಟು ಮನೆಯಲ್ಲಿದೆ ಅಂತ ನೋಡಬೇಕು ಎಂದು ಉದ್ದಕ್ಕೆ ಬರೆದೆ. ನಿಂಟೆಂಡೊ ಕಂಪನಿಯ ಹಳೆಯ ಕನ್ಸೋಲ್ ವೀ ಯು ಮಾರಾಟವಾಗಿದ್ದು ಸುಮಾರು 1.35 ಕೋಟಿ ಅಷ್ಟೇ. ಹಾಗಾಗಿ 2017ರ ಮಾರ್ಚ್ 3ರಂದು ಹೊಸ ಜೆಲ್ಡಾ ಗೇಮನ್ನು ಅದಕ್ಕೂ ಹೊಸ ಕನ್ಸೋಲ್ ಸ್ವಿಚ್‌ಗೂ ಒಂದೇ ದಿನ ಕೊಟ್ಟು ನಿಂಟೆಂಡೊ ಸಲೀಸಾಗಿ ಹೊಸದಕ್ಕೆ ಹೊರಳಿತು. ಪಿಎಸ್4 ಇದ್ದದ್ದು ಹತ್ತು ಕೋಟಿಗೂ ಜಾಸ್ತಿ. ಗೇಮ್ ಕೊಳ್ಳುವ ಅಷ್ಟು ಜನರನ್ನು ಸೋನಿ ರಾತ್ರೋರಾತ್ರಿ ಹೇಗೆ ಬಿಡುತ್ತದೆ?

ದೊಡ್ಡಪ್ಪ 👍 ಒತ್ತಿದರು. ಉಳಿದವರು ಆಗಲೇ ಬೇರೆ ಕಡೆ ಹೋಗಿದ್ದರು.

ತಂಗಿ: ಊದಿದ್ದು ಇರಲಿ. ನನ್ನ ಕಂಟ್ರೋಲರ್ ಒಯ್ದವನು ನೀನೇ ಅಲ್ವಾ?

ಚಿಕ್ಕಪ್ಪನ ಮಗ: ನಾನಾ? ಅಣ್ಣ ಇರಬೇಕು.

ಅಣ್ಣ: ಸಾಕ್ಷಿ?

ಭಾವ: 😂😂

ದೊಡ್ಡಪ್ಪ: ಮಕ್ಕಳೇ, ಇದು ಮನೆಯ ಗುಂಪು.

ಮಧ್ಯಾಹ್ನ ಚಿಕ್ಕಪ್ಪನ ಮಗನಿಂದ ಒಂದು ಫೋಟೋ ಬಂತು. ಧೂಳು ಹಿಡಿದ ಕಂಟ್ರೋಲರ್, ಒಂದು ಗುಂಡಿಯೇ ಇಲ್ಲ.

ಚಿಕ್ಕಪ್ಪನ ಮಗ: ಸಿಕ್ಕಿತು. ಆದರೆ ಇದು ಪಿಎಸ್3ದು. ಈಗ ನಿನಗೆ ಯಾಕೆ?

ತಂಗಿ: ಕಳಿಸು. ನನಗೆ ಬೇಕು.